ಧೂಳು ರಾಯರು

ರಿಟೈರಾದ ಮೇಲೆ ಮರಗೆಲಸ ಹಿಡಿಯುವವರಲ್ಲಿ ಕೆಲವರು ಮಣೆ, ಸ್ಟೂಲು ಮಾಡಿ ನೆಂಟರಿಗೆಲ್ಲ ಹಂಚಿ, ಅದರ ಕಾಲು ಅಲ್ಲಾಡಿದಾಗ ಬೈಸಿಕೊಳ್ಳುತ್ತಾರೆ. ನಮ್ಮ ಬೀದಿಯ ರಾಯರಿಗೆ ಆ ಭಯವಿಲ್ಲ. ಮರ ಕೊಯ್ಯುವ ಮೊದಲೇ ಅವರು ಹೊಟ್ಟಿನ ಚಿಂತೆಗೆ ಬಿದ್ದವರು.

ಕಾರನ್ನು ಬೀದಿಗೆ ತಳ್ಳಿ ಶೆಡ್ಡು ಖಾಲಿ ಮಾಡಿದರು. ಟೇಬಲ್ ಗರಗಸ ಬಂತು, ಬ್ಲೋವರ್ ಬಂತು, ನಡುವೆ ಸೈಕ್ಲೋನ್ ಕೂತಿತು. ಅದರೊಳಗೆ ಗಾಳಿ ಗಿರಗಿರನೆ ಸುತ್ತುವಾಗ ದಪ್ಪ ಹೊಟ್ಟು ಕೆಳಗಿನ ಡ್ರಮ್ಮಿಗೆ ಜಾರುತ್ತದೆ, ಸಣ್ಣ ಧೂಳು ಮಾತ್ರ ಫಿಲ್ಟರಿಗೆ ಹೋಗುತ್ತದೆ ಎಂಬುದನ್ನು ಸಿಲಿಂಡರ್ ತಂದ ಹುಡುಗನಿಗೂ ನಿಲ್ಲಿಸಿ ಹೇಳಿದ್ದಾರೆ. ಸೂರಿನಡಿ ನಾಲ್ಕಿಂಚಿನ ಪಿವಿಸಿ ಪೈಪು. ಎಲ್ಬೋ ಕಂಡರೆ ಅವರಿಗಾಗದು, ತಿರುವು ಹೆಚ್ಚಿದಷ್ಟೂ ಎಳೆತ ಕಡಿಮೆ. ಪೈಪು ನೆಟ್ಟಗೆ ಹೋಗಲೆಂದು ಇದ್ದೊಂದು ಕಿಟಕಿಯನ್ನೂ ಮುಚ್ಚಿಸಿದರು. ಗಾಳಿ ಶುದ್ಧವಾಗಿರಲಿ ಅಂತ!

ಪೇಚೆಂದರೆ, ಅವರು ಹೇಳುವುದೆಲ್ಲ ನಿಜ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಮರದ ಧೂಳನ್ನು 1995ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. "ನೆಲದ ಮೇಲಿನ ಹೊಟ್ಟು ಪಾಪದ್ದು ಕಣ್ರೀ, ಪೊರಕೆಗೆ ಸಿಗುತ್ತೆ. ಹತ್ತು ಮೈಕ್ರಾನ್‌ಗಿಂತ ಸಣ್ಣದು ಇದೆಯಲ್ಲ, ಅದು ಕಣ್ಣಿಗೂ ಬೀಳಲ್ಲ, ನೆಲಕ್ಕೂ ಬೀಳಲ್ಲ" ಎನ್ನುತ್ತಾರೆ. ಎನ್95 ಮಾಸ್ಕಿನೊಳಗಿಂದ ಇದನ್ನು ಕೇಳಿಸಿಕೊಳ್ಳಲು ನಾವು ಹತ್ತಿರ ಹೋಗಬೇಕು.

ಒಮ್ಮೆ ಬಡಗಿ ಆಚಾರ್ರು ಬಂದರು. ಹೆಗಲ ಟವೆಲನ್ನೇ ಮೂಗಿಗೆ ಸುತ್ತಿಕೊಂಡು ಬದುಕು ಸವೆಸಿದವರು. ಡ್ರಮ್ಮಿನ ಮುಚ್ಚಳ ತೆಗೆದು ಬಗ್ಗಿ ನೋಡಿದರು. ತಳ ಫಳಫಳ. "ಮಷೀನು ಚೆನ್ನಾಗೈತೆ ಸ್ವಾಮಿ, ಅದುಕ್ಕೂ ಒಂದಿಷ್ಟು ಊಟ ಹಾಕಿ" ಅಂದರು. ಅಮ್ಮಾವ್ರು ಸಾಂಬಾರ ಡಬ್ಬಿಗೆ ಸ್ಟ್ಯಾಂಡು ಕೇಳಿ ತರಿಸಿದ ಸಿಲ್ವರ್ ಓಕ್ ಹಲಗೆ, ಪೆನ್ಸಿಲ್ ಗೀಟು ಹೊತ್ತು ಗೋಡೆಗೊರಗಿ ನಿಂತಿತ್ತು.

ಮೊನ್ನೆ ಗಾಳಿ ಅಳೆಯುವ ಮೀಟರ್ ಬಂತು. ಗರಗಸದ ಸ್ವಿಚ್ಚೇ ಒತ್ತಿಲ್ಲ, ಪಿಎಂ 2.5 ಆಗಲೇ 180 ಮುಟ್ಟಿ ಕೆಂಪು ದೀಪ! ರಾಯರು ಪೈಪಿನ ಕೀಲು ಕೀಲಿಗೂ ಕೈ ಹಿಡಿದು ಪರೀಕ್ಷಿಸಿದರು, ಟೇಪು ಸುತ್ತಿದರು. ಕಡೆಗೆ ಮೀಟರ್ ಹಿಡಿದು ಅದು ಏರುವ ದಿಕ್ಕಿಗೆ ನಡೆದರೆ ಬಂದದ್ದು ಅಡುಗೆಮನೆ. ಒಲೆ ಮೇಲೆ ಒಣಮೆಣಸಿನಕಾಯಿ ಒಗ್ಗರಣೆ ಘಾಟೆಬ್ಬಿಸುತ್ತಿತ್ತು.

"ನೋಡೇ, ಇದು ಶ್ವಾಸಕೋಶಕ್ಕೆ ಎಷ್ಟು ಅಪಾಯ ಗೊತ್ತಾ?"

"ಮದುವೆಯಾದಾಗಿಂದ ಕುಡೀತಿದೀನಿ. ಕೆಟ್ಟ ಚಿಮ್ನಿ ರಿಪೇರಿ ಮಾಡಿಸಿ ಅಂದ್ರೆ ಕಿವಿಗೇ ಹಾಕ್ಕೊಳ್ಳಲ್ಲ ನೀವು."

ಚಿಮ್ನಿಯವನನ್ನು ಕರೆಸಿದರೆ ಅವರು ರಾಯರೇ ಅಲ್ಲ. ನಿನ್ನೆಯಿಂದ ಶೆಡ್ಡಿನ ಪೈಪನ್ನು ಅಡುಗೆಮನೆಗೆ ಎಳೆಯಲು ಗೋಡೆ ಕೊರೆಯುತ್ತಿದ್ದಾರೆ. ಸಿಮೆಂಟಿನ ಧೂಳು ದೇವರಮನೆ ದಾಟಿ ಹಾಲಿನ ಸೋಫಾವರೆಗೆ ಬಂದಿದೆ. ಅಮ್ಮಾವ್ರು ತಂಗಿ ಮನೆಗೆ ಹೋಗಿದ್ದಾರೆ, ಮೀಟರನ್ನೂ ಬ್ಯಾಗಿಗೆ ಹಾಕಿಕೊಂಡು.