ಗೇಣುದ್ದದ ಕಬ್ಬಿಣಕ್ಕಾಗಿ

“ಎಷ್ಟು ಬೇಕು ಸಾರ್?”

“ಒಂದು ಗೇಣು ಸಾಕು ಭಾಯ್.”

ಶಿವಾಜಿನಗರದ ಗುಜರಿ ಸಾಲಿನಲ್ಲಿ ಈ ಉತ್ತರ ಕೇಳಿದ ಅಂಗಡಿಯವನು ಗಿರಾಕಿಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡುತ್ತಾನೆ. ಇಸ್ತ್ರಿ ಮಾಡಿದ ಅಂಗಿ, ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲ, ಕೈಯಲ್ಲಿ ಅಳತೆ ಟೇಪು. ಕಬ್ಬಿಣವನ್ನು ಜನ ಕಿಲೋಗಟ್ಟಲೆ ಕೊಳ್ಳುತ್ತಾರೆ, ಟನ್ನುಗಟ್ಟಲೆ ಮಾರುತ್ತಾರೆ. ಮೊಳ ಮಲ್ಲಿಗೆ ಕೇಳಿದ ಹಾಗೆ ಗೇಣಿನ ಲೆಕ್ಕದಲ್ಲಿ ಕೇಳುವವನು ಹವ್ಯಾಸಿ ಕಮ್ಮಾರ ಒಬ್ಬನೇ.

ಅಂಗಡಿಯವನ ಬೆನ್ನ ಹಿಂದೆ ಲಾರಿಯ ಕಮಾನು ಪಟ್ಟಿಗಳ ರಾಶಿ. ಅರ್ಧ ಇಂಚು ದಪ್ಪ, ಮೂರು ಇಂಚು ಅಗಲ, ಉದ್ದ ಆಳಿನ ಎದೆಮಟ್ಟ. “ಕಟ್ ಮಾಡಿ ಕೊಡಲ್ಲ ಸಾರ್. ತಗೊಂಡ್ರೆ ಪೂರ್ತಿ ಪಟ್ಟಿ.” ಗೇಣುದ್ದದ ಚಾಕುವಿಗೆಂದು ಹೋದವನು ಹತ್ತು ಕಿಲೋ ತೂಗುವ ಪಟ್ಟಿ ಹೊತ್ತು ಆಟೋ ಹುಡುಕುತ್ತಾನೆ. ಆಟೋದವನು ಅದನ್ನು ನೋಡಿ ಮಟಮಟ ಮಧ್ಯಾಹ್ನವೇ “ಒನ್ ಅಂಡ್ ಹಾಫ್” ಅನ್ನುತ್ತಾನೆ.

ಈ ಹವ್ಯಾಸದ ಸಂಕಟವೆಲ್ಲ ಇಲ್ಲೇ ಇದೆ. ಗುಜರಿಗೆ ಬರುವ ಉಕ್ಕು ಲಾರಿಯ ಅಳತೆಯದು, ರೈಲಿನ ಅಳತೆಯದು, ಜೆಸಿಬಿಯ ಅಳತೆಯದು. ಹಿತ್ತಿಲ ಕುಲುಮೆಗೆ ಬೇಕಾದದ್ದು ಗೇಣಿನ ಅಳತೆಯದು. ನಡುವೆ ಉಳಿದದ್ದನ್ನೆಲ್ಲ ಯಾರಾದರೂ ಕುಳಿತು ಕತ್ತರಿಸಬೇಕು. ಕೆಂಡದ ಮುಂದೆ ಸುತ್ತಿಗೆ ಎತ್ತಿ ನಿಂತ ಫೋಟೊ ಎಲ್ಲರೂ ನೋಡುತ್ತಾರೆ. ಅದಕ್ಕೂ ಮೊದಲು ಹ್ಯಾಕ್ಸಾ ಹಿಡಿದು ಕಳೆದ ಭಾನುವಾರಗಳ ಫೋಟೊ ಯಾರೂ ತೆಗೆದಿರುವುದಿಲ್ಲ.

ಕಮಾನು ಪಟ್ಟಿಯ ಮೇಲೆ ಇಷ್ಟು ಮೋಹ ಸುಮ್ಮನೆ ಹುಟ್ಟಿದ್ದಲ್ಲ. ನಮ್ಮ ಲಾರಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಇಎನ್ 45 ಎಂಬ ಸ್ಪ್ರಿಂಗ್ ಉಕ್ಕಿನಲ್ಲಿ ಇಂಗಾಲ ಶೇಕಡ ಅರ್ಧಕ್ಕಿಂತ ತುಸು ಹೆಚ್ಚು, ಜೊತೆಗೆ ಸಿಲಿಕಾನ್, ಮ್ಯಾಂಗನೀಸ್. ಅಮೆರಿಕದ ಗುಜರಿಯಲ್ಲಾದರೆ ಅದೇ ಜಾಗದಲ್ಲಿ ಕ್ರೋಮಿಯಂ ಬೆರೆತ 5160 ಸಿಗುತ್ತದೆ. ಮನೆ ಕಟ್ಟುವ ಕಂಬಿಯನ್ನು ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದರೆ ಎಣ್ಣೆ ಮೆತ್ತಿದ ಕಂಬಿ ಸಿಗುತ್ತದೆ, ಅಷ್ಟೆ. ಕಮಾನು ಪಟ್ಟಿ ಹಾಗಲ್ಲ, ಗಟ್ಟಿಯಾಗುತ್ತದೆ, ಹದ ಹಿಡಿಯುತ್ತದೆ, ಅಂಚು ನಿಲ್ಲುತ್ತದೆ. ಹಳ್ಳಿಯ ಕಮ್ಮಾರರು ಇದನ್ನು ಯಾವ ನಂಬರೂ ಕೇಳದೆ ಕಂಡುಕೊಂಡಿದ್ದಾರೆ. ಮಲೆನಾಡಿನಲ್ಲಿ ಕತ್ತಿಯೊಂದು ಚೆನ್ನಾಗಿ ಬಂದಿದ್ದರೆ “ಲಾರಿ ಪ್ಲೇಟಿಂದು ಮಾರಾಯ” ಎಂಬ ಮಾತೇ ಅದರ ಸರ್ಟಿಫಿಕೇಟು. ನೇಪಾಳದ ಖುಕುರಿಗಳೂ ಹೆಚ್ಚಿನಂಶ ಹಳೇ ಲಾರಿ, ಬಸ್ಸುಗಳ ಪಟ್ಟಿಯಿಂದಲೇ ಆಗುವಂಥವು. ಘಾಟಿ ಹತ್ತಿ ಇಳಿದು ಸೋತ ಲಾರಿಗೆ ಅಲ್ಲಿ ನಿವೃತ್ತಿಯಿಲ್ಲ, ವರ್ಗಾವಣೆ ಮಾತ್ರ.

ಗುಜರಿ ಹೆಕ್ಕುವುದಕ್ಕೆ ವಿದ್ಯೆಯ ಮರ್ಯಾದೆ ತಂದುಕೊಟ್ಟವರಲ್ಲಿ ಅಲೆಕ್ಸಾಂಡರ್ ವೈಗರ್ಸ್ ದೊಡ್ಡ ಹೆಸರು. 1901ರಲ್ಲಿ ಡಚ್ಚರ ಆಳ್ವಿಕೆಯ ಜಾವಾದಲ್ಲಿ ಹುಟ್ಟಿ, ಎಂಜಿನಿಯರಿಂಗ್ ಓದಿ, ಶಿಲ್ಪಿಯಾಗಿ, ಕೊನೆಗೆ ಕ್ಯಾಲಿಫೋರ್ನಿಯಾದ ಕಾರ್ಮೆಲ್ ಕಣಿವೆಯಲ್ಲಿ ಬೀಡುಬಿಟ್ಟವರು. ತಟ್ಟೆಯಾಕಾರದ ‘ಡಿಸ್ಕಾಪ್ಟರ್’ ವಿಮಾನಕ್ಕೆ 1945ರಲ್ಲಿ ಪೇಟೆಂಟ್ ಪಡೆದರು. ಅದು ನೆಲ ಬಿಟ್ಟು ಏಳಲಿಲ್ಲ. ಆದರೆ ಹಳೇ ಕಾರಿನ ಸ್ಪ್ರಿಂಗಿನಿಂದ ಉಳಿ, ಸುತ್ತಿಗೆ ಮಾಡುವುದನ್ನು ಕಲಿಸಲು 1973ರಲ್ಲಿ ಬರೆದ ‘ದಿ ಮೇಕಿಂಗ್ ಆಫ್ ಟೂಲ್ಸ್’, ಮರುವರ್ಷದ ‘ದಿ ಮಾಡರ್ನ್ ಬ್ಲ್ಯಾಕ್‌ಸ್ಮಿತ್’ ಪುಸ್ತಕಗಳು ಎಲ್ಲೆಲ್ಲೋ ಹಾರಿಹೋದವು. ಅಮೆರಿಕದ ಹವ್ಯಾಸಿಗಳು ಲಾರಿಯ ಬ್ರೇಕ್ ಡ್ರಮ್ಮನ್ನೇ ಕುಲುಮೆ ಮಾಡಿ, ಹೇರ್ ಡ್ರೈಯರನ್ನೇ ತಿದಿ ಮಾಡಿಕೊಂಡರು. 2015ರಲ್ಲಿ ‘ಫೋರ್ಜ್ಡ್ ಇನ್ ಫೈರ್’ ಎಂಬ ಟಿವಿ ಸ್ಪರ್ಧೆ ಶುರುವಾದ ಮೇಲೆ ಈ ಸೋಂಕು ಸಮುದ್ರ ದಾಟಿತು. ಬೆಂಗಳೂರಿನ ಮನೆಗಳಲ್ಲೂ ಹೇರ್ ಡ್ರೈಯರ್ ಕಾಣೆಯಾದರೆ ಈಗ ಹಿತ್ತಿಲಲ್ಲಿ ಹುಡುಕುತ್ತಾರೆ.

ಗುಜರಿಯ ಉಕ್ಕಿಗೆ ಜಾತಕವಿಲ್ಲ. ಪೀಣ್ಯದ ಉಕ್ಕಿನ ಅಂಗಡಿಯಲ್ಲಿ ಹೊಸ ಸರಳು ಕೊಂಡರೆ ತುದಿಗೆ ಬಳಿದ ಬಣ್ಣ ನೋಡಿ ಇದು ಇಎನ್ 8, ಇದು ಇಎನ್ 24 ಎಂದು ಹೇಳಿಬಿಡಬಹುದು. ಗುಜರಿಯಲ್ಲಿ ಎಲ್ಲಕ್ಕೂ ಒಂದೇ ಬಣ್ಣ, ತುಕ್ಕು. ಅದಕ್ಕೇ ಕಿಡಿ ನೋಡುವ ಪದ್ಧತಿ. ಮಬ್ಬು ಬೆಳಕಿನ ಮೂಲೆಯಲ್ಲಿ ತುಂಡನ್ನು ಗ್ರೈಂಡರಿಗೆ ತಾಗಿಸಬೇಕು. ಮೆದು ಉಕ್ಕಾದರೆ ಹುಲ್ಲಿನ ಬಣ್ಣದ ಉದ್ದನೆ ಗೆರೆಗಳು ನೆಟ್ಟಗೆ ಹೋಗಿ ಆರುತ್ತವೆ, ಅಲ್ಲೊಂದು ಇಲ್ಲೊಂದು ಕವಲು. ಹಳೇ ಅರ ತಾಗಿಸಿದರೆ ಕಿಡಿ ದೂರ ಹೋಗುವುದೇ ಇಲ್ಲ. ಚಕ್ರದ ಹತ್ತಿರವೇ ಕವಲೊಡೆದು, ಕವಲಿಗೆ ಕವಲೊಡೆದು ಪೊದೆಯಾಗುತ್ತದೆ. ಇಂಗಾಲ ಹೆಚ್ಚಿದಷ್ಟೂ ಪೊದೆ ದಟ್ಟ. ಬೀಡು ಕಬ್ಬಿಣದ್ದು ಮಂಕು ಕೆಂಪು, ಗಿಡ್ಡ. ಕಮಾನು ಪಟ್ಟಿಯದು ಗೆರೆ ಮತ್ತು ಪೊದೆಗಳ ಮಧ್ಯದ್ದು. ಇಷ್ಟಕ್ಕೂ ಅನುಮಾನ ಉಳಿದರೆ ಒಂದು ಚೂರನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿ ಸುತ್ತಿಗೆಯಿಂದ ಬಾರಿಸುವುದು. ಟಣ್ಣನೆ ಮುರಿದರೆ ಖುಷಿ, ಬಾಗಿದರೆ ಬೇಜಾರು. ಮುರಿದದ್ದಕ್ಕೆ ಮನುಷ್ಯ ಖುಷಿಪಡುವ ಕಸುಬು ಇದೊಂದೇ ಇರಬೇಕು.

ಕಿಡಿ ನೋಡುವ ಚಟ ಹತ್ತಿದವನ ಕೈಗೆ ಸಿಕ್ಕ ಕಬ್ಬಿಣಕ್ಕೆ ಉಳಿಗಾಲವಿಲ್ಲ. ಗೇಟಿನ ಅಗುಳಿ, ಸೈಕಲ್ ಪೆಡಲು, ಬಾವಿಯ ರಾಟೆ ಎಲ್ಲಕ್ಕೂ ಒಂದೊಂದು ಗೀರು. ಅತ್ತೆಯವರ ಈಳಿಗೆಮಣೆಗೆ ಗ್ರೈಂಡರ್ ತಾಗಿಸಿದವನಿಗೆ ಇಂಗಾಲ ಎಷ್ಟಿದೆ ಎಂಬುದು ಗೊತ್ತಾಗುತ್ತದೆ, ರಾತ್ರಿಯ ಊಟ ಎಲ್ಲಿ ಎಂಬುದು ಗೊತ್ತಾಗುವುದಿಲ್ಲ.

ಕೆಲವನ್ನು ಮುಟ್ಟಲೇಬಾರದು. ಶಾಕ್ ಅಬ್ಸಾರ್ಬರ್ ನೋಡಲು ಒಳ್ಳೇ ಸರಳೇ. ಒಳಗೆ ಎಣ್ಣೆಯೂ ಒತ್ತಡದ ಅನಿಲವೂ ಬಿಗಿಯಾಗಿ ಕೂತಿರುತ್ತವೆ, ಬೆಂಕಿಗಿಟ್ಟರೆ ಸಿಡಿಯುತ್ತದೆ. ಜಿಐ ಪೈಪಿನ ಮೇಲಿನ ಸತು 907 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಕುಲುಮೆ ಅದನ್ನು ಸಲೀಸಾಗಿ ದಾಟುತ್ತದೆ. ಬಿಳಿ ಹೊಗೆ ಕುಡಿದವನಿಗೆ ಸಂಜೆಯ ಹೊತ್ತಿಗೆ ಚಳಿಜ್ವರ, ಮೈಕೈ ನೋವು. ಡಾಕ್ಟರು ಸೊಳ್ಳೆಯನ್ನು ಬೈಯುತ್ತಾರೆ.

ಇನ್ನು ಅಡಿಗಲ್ಲಿನ ಪ್ರಶ್ನೆ. ಕೊಂಬಿರುವ ಒಳ್ಳೆಯ ಅಡಿಗಲ್ಲು ದುಬಾರಿ, ಅಗ್ಗದ್ದು ಬೀಡು ಕಬ್ಬಿಣ, ನಾಲ್ಕು ಪೆಟ್ಟಿಗೆ ಅಂಚು ಚಕ್ಕೆ ಏಳುತ್ತದೆ. ಆದ್ದರಿಂದ ಜಗತ್ತಿನ ಹವ್ಯಾಸಿಗಳೆಲ್ಲರ ಕಣ್ಣು ರೈಲು ಕಂಬಿಯ ಮೇಲೆ. ಭಾರತೀಯ ರೈಲ್ವೆಯ ಮುಖ್ಯ ಮಾರ್ಗಗಳ ಕಂಬಿ ಮೀಟರಿಗೆ 52 ಅಥವಾ 60 ಕಿಲೋ. ಇಂಗಾಲವೂ ಧಾರಾಳ. ಅಡ್ಡ ಮಲಗಿಸದೆ ನೆಟ್ಟಗೆ ನಿಲ್ಲಿಸಿದರೆ ಪೆಟ್ಟಿನ ಕೆಳಗೆ ಪೂರ್ತಿ ತೂಕ ಬರುತ್ತದೆ. ಎಲ್ಲ ಸರಿ, ತರುವುದು ಎಲ್ಲಿಂದ? ಹಳಿಯ ಪಕ್ಕ ಬಿದ್ದಿದೆ ಎಂದು ಎತ್ತಿಕೊಂಡರೆ 1966ರ ರೈಲ್ವೆ ಆಸ್ತಿ (ಅಕ್ರಮ ಸ್ವಾಧೀನ) ಕಾಯ್ದೆ ಕಾಯುತ್ತಿದೆ. ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು. ಕದ್ದ ಮಾಲೆಂಬ ಅನುಮಾನಕ್ಕೆ ಕಾರಣವಿದ್ದರೆ ಸಾಕು, ತನ್ನ ಹತ್ತಿರ ಅದು ನ್ಯಾಯವಾಗಿಯೇ ಬಂತೆಂದು ಸಾಬೀತು ಮಾಡುವ ಹೊಣೆ ಇಟ್ಟುಕೊಂಡವನದೇ. ಕಂಬಿಯನ್ನು ಸ್ಲೀಪರಿಗೆ ಬಿಗಿಯುವ ಪ್ಯಾಂಡ್ರಾಲ್ ಕ್ಲಿಪ್ಪಿಗೂ ಇದೇ ನ್ಯಾಯ. ರೈಲ್ವೆ ಹಳೇ ಕಂಬಿಯನ್ನು ಹರಾಜು ಹಾಕುವುದುಂಟು, ಟನ್ನುಗಟ್ಟಲೆ. ಅಲ್ಲಿ ಕೊಂಡ ವ್ಯಾಪಾರಿಯಿಂದ ಬಿಲ್ಲು ಸಮೇತ ಒಂದು ಮೀಟರ್ ತಂದವನು ಆ ಬಿಲ್ಲಿಗೆ ಲ್ಯಾಮಿನೇಷನ್ ಮಾಡಿಸಿ ಕುಲುಮೆಯ ಗೋಡೆಗೆ ತೂಗುಹಾಕುತ್ತಾನೆ, ಪಕ್ಕದಲ್ಲಿದ್ದ ಡಿಗ್ರಿ ಸರ್ಟಿಫಿಕೇಟನ್ನು ಅತ್ತ ಸರಿಸಿ.

ಮೀಟರ್ ಕಂಬಿ ಅಂದರೆ 60 ಕಿಲೋ. ಅಡಿಗಲ್ಲಿಗೆ ಬೇಕಾದದ್ದು 30 ಸೆಂಟಿಮೀಟರ್, 18 ಕಿಲೋ. ಮತ್ತೆ ಅದೇ ಕಥೆ: ಕತ್ತರಿಸಬೇಕು.

ಹ್ಯಾಕ್ಸಾ ಎಲ್ಲರ ಮೊದಲ ಮದ್ದು. ಕಮಾನು ಪಟ್ಟಿಗೆ ಕಾರ್ಖಾನೆಯಲ್ಲೇ ಹದ ಕೊಟ್ಟಿರುತ್ತದೆ, ಹಾಗಾಗಿ ಅದನ್ನು ಹಾಗೇ ಉಜ್ಜಿದರೆ ಸವೆಯುವುದು ಬ್ಲೇಡು. ಬಲ್ಲವರು ಕತ್ತರಿಸುವ ಜಾಗವನ್ನು ಕೆಂಪಗೆ ಕಾಯಿಸಿ, ರಾತ್ರಿಯಿಡೀ ಬೂದಿಯಲ್ಲಿ ಹೂತಿಡುತ್ತಾರೆ. ನಿಧಾನವಾಗಿ ಆರಿದ ಉಕ್ಕು ಬೆಳಗ್ಗೆ ಮೆದುವಾಗಿ ಮಾತು ಕೇಳುತ್ತದೆ. ಅಷ್ಟು ಬೂದಿಗೆ ಮಾತ್ರ ಅಪಾರ್ಟ್‌ಮೆಂಟಿನಲ್ಲಿ ಜಾಗ ಹುಡುಕಬೇಕು.

ಎರಡನೆಯದು ಕಟಿಂಗ್ ಗ್ರೈಂಡರ್. ಜರ್ಮನಿಯ ಆಕರ್‌ಮನ್ ಉಂಟ್ ಶ್ಮಿಟ್ ಕಂಪನಿ 1954ರಲ್ಲಿ ಇದನ್ನು ಹೊರತಂದ ಮೇಲೆ ಕಬ್ಬಿಣದ ಕೆಲಸದ ಸದ್ದೇ ಬದಲಾಯಿತು. ನಾಲ್ಕು ಇಂಚಿನ ಚಕ್ರ ನಿಮಿಷಕ್ಕೆ 11,000 ಸುತ್ತು ಹೊಡೆದರೆ ಅದರ ಅಂಚು ಗಂಟೆಗೆ 200 ಕಿಲೋಮೀಟರ್ ದಾಟಿ ಓಡುತ್ತಿರುತ್ತದೆ. ಚಕ್ರದ ದಪ್ಪ ಒಂದು ಮಿಲಿಮೀಟರ್ ಚಿಲ್ಲರೆ. ನಡುವಿನ ಲೋಹದ ಬಳೆಯ ಮೇಲೆ ಎಕ್ಸ್‌ಪೈರಿ ದಿನಾಂಕವೂ ಇರುತ್ತದೆ. ಅದನ್ನು ಓದುವವರಿಲ್ಲ, ಗಾರ್ಡು ಬಿಚ್ಚಿ ಎಸೆಯುವವರೇ ಹೆಚ್ಚು. ಕತ್ತರಿಸುವ ತುಂಡಿನ ಎರಡು ತುದಿಗೂ ಆಸರೆ ಕೊಟ್ಟು ನಡುವೆ ಕುಯ್ದರೆ, ಅದು ಜಗ್ಗಿ ಸೀಳನ್ನು ಮುಚ್ಚಿ ಚಕ್ರವನ್ನು ಕಚ್ಚುತ್ತದೆ. ಚಕ್ರ ಚೂರಾಗಿ ಹಾರುವುದು ಆಗಲೇ. ಒಂದು ತುದಿ ನೇತಾಡುವಂತೆ ಬಿಟ್ಟರೆ ಸೀಳು ತಾನಾಗಿ ಬಾಯಿ ತೆರೆಯುತ್ತದೆ. ಕಿಡಿಗಳು ಸುಮ್ಮನೆ ಆರುವುದಿಲ್ಲ, ಗಾಜಿಗೆ ಬಿದ್ದರೆ ಅಂಟಿಕೊಂಡೇ ಇರುತ್ತವೆ. ಪಕ್ಕದ ಮನೆಯವರ ಕಾರಿನ ಗಾಜು ಸವರಿ ನೋಡಿದರೆ ಎಲ್ಲಿ ಕೂತು ಕೆಲಸ ಮಾಡಿದ್ದು ಎಂಬುದರ ನಕ್ಷೆಯೇ ಬೆರಳಿಗೆ ಸಿಗುತ್ತದೆ. ಆಮೇಲಿನದ್ದು ಅಸೋಸಿಯೇಷನ್ ಮೀಟಿಂಗ್.

ಕಮ್ಮಾರರ ದಾರಿ ಬೇರೆ. ಪಟ್ಟಿಯನ್ನು ಕಿತ್ತಳೆ ಬಣ್ಣಕ್ಕೆ ಕಾಯಿಸಿ ಅಡಿಗಲ್ಲ ಮೇಲಿಟ್ಟು, ಒಬ್ಬರು ಚಾಣ ಹಿಡಿದರೆ ಎದುರಿಗೆ ನಿಂತವರು ಚಮ್ಮಟಿಗೆ ಬೀಸುತ್ತಾರೆ. ಮುಕ್ಕಾಲು ಭಾಗ ಇಳಿದ ಮೇಲೆ ತಿರುಗಿಸಿ ಇನ್ನೊಂದು ಮಗ್ಗುಲಿಂದ ಮುಗಿಸಬೇಕು, ಇಲ್ಲದಿದ್ದರೆ ಚಾಣ ಅಡಿಗಲ್ಲಿಗೆ ಬಡಿದು ಎರಡೂ ಹಾಳು. ರಸ್ತೆ ಬದಿ ಬಿಡಾರ ಹೂಡುವ ಗಾಡಿಯಾ ಲೋಹಾರ್ ಕುಟುಂಬಗಳಲ್ಲಿ ಗಂಡ ಇಕ್ಕಳ ಹಿಡಿದರೆ ಹೆಂಡತಿ ಚಮ್ಮಟಿಗೆ ಬೀಸುವುದನ್ನು ನೋಡಬಹುದು. ಪೆಟ್ಟು ತಾಳ ತಪ್ಪುವುದಿಲ್ಲ. ಆ ವಿಡಿಯೊ ತೋರಿಸಿ ಮನೆಯಲ್ಲಿ ಸಹಾಯ ಕೇಳಿದ ಹವ್ಯಾಸಿಗೆ ಸಿಕ್ಕ ಉತ್ತರ: “ಬೀಸ್ತೀನಿ ರೀ. ಎಲ್ಲಿಗೆ ಬೀಳುತ್ತೋ ಗ್ಯಾರಂಟಿ ಕೊಡಲ್ಲ.”

ರೈಲು ಕಂಬಿಯ ಮುಂದೆ ಇದ್ಯಾವುದೂ ನಡೆಯುವುದಿಲ್ಲ. ಪೆಟ್ಟಿಗೆ ಬಗ್ಗದು, ಬ್ಲೇಡಿಗೆ ಜಗ್ಗದು, ಮಿನಿಟಿಗೊಂದು ಚಕ್ರ ನುಂಗುತ್ತದೆ. ಕೊನೆಗೆ ಗ್ಯಾಸ್ ಕಟಿಂಗ್ ಅಂಗಡಿಯೇ ಗತಿ. ಅಲ್ಲಿ ನಡೆಯುವುದು ನೋಡಲು ಕರಗಿಸಿದ ಹಾಗಿದ್ದರೂ ನಿಜಕ್ಕೂ ಸುಡುವುದು. ಸುಮಾರು 900 ಡಿಗ್ರಿಗೆ ಕಾದ ಉಕ್ಕಿನ ಮೇಲೆ ಶುದ್ಧ ಆಮ್ಲಜನಕ ಬಿಟ್ಟರೆ ಕಬ್ಬಿಣ ತಾನೇ ಹೊತ್ತಿಕೊಳ್ಳುತ್ತದೆ. ಕಬ್ಬಿಣ ಕರಗಲು 1,538 ಡಿಗ್ರಿ ಬೇಕು. ಸುಟ್ಟು ಉಂಟಾದ ಆಕ್ಸೈಡು ಅದಕ್ಕೂ ಮೊದಲೇ ಕರಗುತ್ತದೆ, ಆಮ್ಲಜನಕದ ರಭಸ ಅದನ್ನು ಕೆಳಗೆ ಊದಿಬಿಡುತ್ತದೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕ್ರೋಮಿಯಂ ಆಕ್ಸೈಡು ಕರಗದೆ ಅಡ್ಡ ನಿಲ್ಲುವುದರಿಂದ ಈ ಆಟ ಅಲ್ಲಿ ಸಾಗುವುದಿಲ್ಲ.

ಮೇಸ್ತ್ರಿ ಕಂಬಿಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಕಪ್ಪು ಕನ್ನಡಕ ಇಳಿಸಿ, ಟಾರ್ಚಿನ ಸನ್ನೆ ಒತ್ತಿದ. ಕೆಳಗೆ ಕಿಡಿಯ ಧಾರೆ. ಟೀ ಆರುವ ಮೊದಲೇ 18 ಕಿಲೋ ಒಂದು ಕಡೆ, 42 ಕಿಲೋ ಇನ್ನೊಂದು ಕಡೆ.

“ಇದನ್ನ ಏನ್ ಮಾಡ್ತೀರ ಸಾರ್?”

“ಅಡಿಗಲ್ಲು ಮಾಡ್ಕೋತೀನಿ ಮೇಸ್ತ್ರಿ.”

ಅವನು ಕನ್ನಡಕ ಮೇಲೆತ್ತಿದ. “ನಮ್ಮ ತಾತ ಕಮ್ಮಾರ್ರು. ಅವ್ರ ಅಡಿಗಲ್ಲು ಊರಲ್ಲಿ ಹಂಗೇ ಬಿದ್ದದೆ.”

“ಗುಜರಿಗೆ ಹಾಕ್ಲಿಲ್ವಾ?”

“ಹಾಕೋಣ ಅಂತ ಗುಜರಿಯವನನ್ನ ಕರ್ಸಿದ್ವಿ ಸಾರ್. ನಾಲ್ಕು ಜನ ಬಂದು ಎತ್ತಕ್ಕಾಗ್ದೆ, ಕಟ್ ಮಾಡಿ ಕೊಡಿ ಅಂದು ಹೊರಟೋದ್ರು.”

ಹವ್ಯಾಸಿ ಆಗಲೇ ಜೇಬಿನಿಂದ ಪೆನ್ನು ತೆಗೆದು, ಊರು ಯಾವುದು, ಮನೆ ಬಾಗಿಲವರೆಗೆ ಟೆಂಪೊ ಹೋಗುತ್ತದೆಯೇ ಎಂದು ಕೇಳುತ್ತಿದ್ದ.