ಡೊಂಬಿವಲಿ ಮಾಮ

ಊರಲ್ಲಿ ಯಾರ ಮನೆಯ ಹುಡುಗನಿಗೆ ಮುಂಬಯಿ ಕಡೆ ಕೆಲಸ ಸಿಕ್ಕರೂ ಬ್ಯಾಗಿಗೆ ಮೂರು ವಸ್ತು ಬೀಳುತ್ತವೆ: ಮಿಡಿ ಉಪ್ಪಿನಕಾಯಿ, ಹಪ್ಪಳದ ಕಟ್ಟು, ಡೊಂಬಿವಲಿ ಮಾಮನ ಫೋನ್ ನಂಬರು. ಹಪ್ಪಳ ತಿಂಗಳೊಳಗೆ ಖಾಲಿ, ಉಪ್ಪಿನಕಾಯಿ ಹೆಚ್ಚೆಂದರೆ ಮಳೆಗಾಲ ದಾಟೀತು. ಮಾಮ ಮಾತ್ರ ಮುಗಿಯುವ ಪೈಕಿಯಲ್ಲ.

ಈ ಮಾಮ ಯಾರದೇ ತಾಯಿಯ ತಮ್ಮನಾಗಿರಬೇಕೆಂದಿಲ್ಲ. ಉಡುಪಿಯವರಿಗೆ ಒಬ್ಬ, ಕುಮಟೆಯವರಿಗೆ ಒಬ್ಬ, ಧಾರವಾಡದವರಿಗೆ ಒಬ್ಬ ಇದ್ದೇ ಇರುತ್ತಾನೆ. ಡೊಂಬಿವಲಿಯಲ್ಲೇ ಇರಬೇಕೆಂದೂ ಇಲ್ಲ; ಕಲ್ಯಾಣದಲ್ಲೋ ಠಾಣೆಯಲ್ಲೋ ನೆರೂಳಿನಲ್ಲೋ ಇದ್ದರೂ ತಳಿ ಒಂದೇ. ಫೋರ್ಟಿನ ಯಾವುದೋ ಬ್ಯಾಂಕಿನಿಂದ ನಿವೃತ್ತ. ಅಂಗಿಯ ಕಿಸೆಯಲ್ಲಿ ಇನ್ನೂ ರೈಲ್ವೆ ಪಾಸಿನ ಪ್ಲಾಸ್ಟಿಕ್ ಕವರು. ಎರಡು ವರ್ಷ ಇದ್ದು ಊರಿಗೆ ಮರಳುವುದೆಂದು ಬಂದವರು. ಆ ಎರಡು ವರ್ಷ ಇನ್ನೂ ನಡೆಯುತ್ತಿದೆ. ಹಾಗಾಗಿ ದೊಡ್ಡ ಪಟ್ಟಣದಲ್ಲಿ ಬಹುಕಾಲ ಸುಖವಾಗಿ ಇರುವುದು ಹೇಗೆಂದು ಕೇಳುವುದಾದರೆ ಇವರನ್ನೇ ಕೇಳಬೇಕು. ಕೇಳದಿದ್ದರೂ ಹೇಳುತ್ತಾರೆನ್ನಿ.

ಮತ್ಸ್ಯಗಂಧಾ ರೈಲಿನಿಂದ ನಿದ್ದೆಗಣ್ಣಲ್ಲಿ ಠಾಣೆಯಲ್ಲಿ ಇಳಿದ ಹುಡುಗನಿಗೆ ಮೊದಲ ಪಾಠ ಪ್ಲಾಟ್‌ಫಾರ್ಮಿನಲ್ಲೇ. "ದೇಶದ ಮೊದಲ ಪ್ಯಾಸೆಂಜರ್ ರೈಲು ಬೋರಿಬಂದರಿನಿಂದ ಬಂದದ್ದು ಇಲ್ಲಿಗೇ ಮಾರಾಯ, 1853ನೇ ಇಸವಿ ಏಪ್ರಿಲ್ 16. ಮೂರು ಇಂಜಿನ್ನು, 14 ಡಬ್ಬಿ, ಸುಮಾರು 400 ಜನ. ಎಲ್ಲರಿಗೂ ಸೀಟು! ಅದೇ ಮೊದಲು, ಅದೇ ಕೊನೆ."

ಹುಡುಗ ಗೇಟ್‌ವೇ, ಮರೀನ್ ಡ್ರೈವ್ ಎಂದು ಏನೋ ಪಟ್ಟಿ ಮಾಡಿಕೊಂಡು ಬಂದಿರುತ್ತಾನೆ. ಮಾಮ ಅದನ್ನು ಮಡಚಿಸಿ ಒಳಗಿಡಿಸುತ್ತಾರೆ. "ನೀವು ಗೇಟ್‌ವೇ ನೋಡಿಲ್ವಾ ಮಾಮ?" "ನೋಡದೆ ಎಂತ? ಊರಿಂದ ನೆಂಟರು ಬಂದಾಗಲೆಲ್ಲ ನೋಡಿದ್ದೇನೆ." ಮೊದಲು ಕಲಿಯಬೇಕಾದ್ದು ಇಂಡಿಕೇಟರ್ ಓದುವುದಂತೆ. ಎಸ್ ಎಂದರೆ ಕರ್ಜತ್, ಎನ್ ಎಂದರೆ ಕಸಾರಾ. ಈ ಅಕ್ಷರಾಭ್ಯಾಸವಾಗದವನು ಡೊಂಬಿವಲಿಯಲ್ಲಿ ಇಳಿಯಲಾಗದೆ ಕಲ್ಯಾಣದಾಚೆ ಕಣ್ಣು ಬಿಡುತ್ತಾನೆ.

ಎರಡನೆಯದು ಸೀಟಿನ ಶಾಸ್ತ್ರ. ಮೂರು ಜನರ ಬೆಂಚಿನಲ್ಲಿ ನಾಲ್ಕನೆಯವನಿಗೂ ಹಕ್ಕಿದೆ, ಆದರೆ ಅರ್ಧ ದೇಹಕ್ಕೆ ಮಾತ್ರ. ಆ ಅರ್ಧ ಯಾವುದೆಂದು ಅವನೇ ತೀರ್ಮಾನಿಸಬಹುದು. ಒಳಗೆ ಹೋದವನು ಕೂತವರ ಮುಖ ನೋಡಿ "ಕಿಧರ್ ಉತರೇಗಾ?" ಎನ್ನಬೇಕು. ಘಾಟ್ಕೋಪರ್ ಎಂದವನ ಮೊಣಕಾಲಿನ ಮುಂದೆ ಬೇರು ಬಿಡಬೇಕು. ಇನ್ನೊಬ್ಬ ಕೇಳಿದರೆ ಆ ಸೀಟು ಆಗಲೇ "ಬೋಲಾ ಹುವಾ" ಆಗಿರುತ್ತದೆ. ಕಾಗದವಿಲ್ಲ, ಸಹಿಯಿಲ್ಲ, ಆದರೂ ಯಾವ ಕೋರ್ಟೂ ಅದನ್ನು ಅಲ್ಲಾಡಿಸಲಾರದು. 2014ರಲ್ಲಿ ಘಾಟ್ಕೋಪರಿನಿಂದ ಅಂಧೇರಿಗೆ ಮೆಟ್ರೊ ಶುರುವಾದಾಗ ಮಾಮ ಪೇಡೆ ಹಂಚಿದ್ದರು. ಅವರು ಒಂದು ದಿನವೂ ಆ ಮೆಟ್ರೊ ಹತ್ತಿದವರಲ್ಲ. ಅಂಧೇರಿ ಕಡೆಯವರೆಲ್ಲ ಘಾಟ್ಕೋಪರಿನಲ್ಲೇ ಇಳಿಯತೊಡಗಿದರಲ್ಲ, ಅದಕ್ಕೆ.

ಮೂರನೆಯದು ಬ್ರಹ್ಮವಿದ್ಯೆ. ಅದರ ಹೆಸರು ರಿಟರ್ನ್. ಬೆಳಿಗ್ಗೆ ಡೊಂಬಿವಲಿಯಲ್ಲಿ ಮುಂಬಯಿಗೆ ಹೋಗುವ ಗಾಡಿಯ ಬಾಗಿಲಿಗೆ ಕೈ ತಾಗಿದರೂ ಪುಣ್ಯ. ಆದ್ದರಿಂದ ಮಾಮ ಮುಂಬಯಿಯಿಂದ ಕಲ್ಯಾಣಕ್ಕೆ ಬರುವ ಗಾಡಿಯನ್ನು, ಅಂದರೆ ತದ್ವಿರುದ್ಧ ದಿಕ್ಕಿನದನ್ನು, ಹತ್ತಿ ಕಿಟಕಿ ಹಿಡಿದು ಕೂರುತ್ತಿದ್ದರು. ಅದೇ ಗಾಡಿ ಕಲ್ಯಾಣದಲ್ಲಿ ಮುಖ ತಿರುಗಿಸಿ ಮುಂಬಯಿಗೆ ಹೊರಡುತ್ತದೆ. ಇಲ್ಲಿಂದಲೇ ಹೊರಡುವ ಖಾಲಿ ಗಾಡಿ ಬರುತ್ತದೆಂದು ಕಲ್ಯಾಣದವರು ಸೊಂಟ ಕಟ್ಟಿ ನಿಂತಿದ್ದರೆ ಒಳಗೆ ಡೊಂಬಿವಲಿಯವರು ಕರ್ನಾಟಕ ಮಲ್ಲ ಪೇಪರು ಬಿಡಿಸಿಕೊಂಡು ಸಂಪಾದಕೀಯದವರೆಗೆ ಬಂದಿರುತ್ತಾರೆ. ಈ ವಿಷಯದಲ್ಲಿ ಎರಡೂ ಊರುಗಳ ನಡುವೆ ನಡೆದ ಮಾತುಕತೆ ಇಲ್ಲಿ ಬರೆಯುವಂಥದ್ದಲ್ಲ. ಪಾಸು ಮಾತ್ರ ಕಲ್ಯಾಣದಿಂದಲೇ ಇರಬೇಕು. ಮಾಮ ಮನೆ ಡೊಂಬಿವಲಿಯಲ್ಲಿ ಮಾಡಿಕೊಂಡು ಪಾಸು ಕಲ್ಯಾಣದ್ದು ತೆಗೆದವರು, ಟಿ.ಸಿ.ಯ ಮುಂದೆ ಎದೆ ಸೆಟೆಸಿ ನಡೆದವರು. "ಹೋಗಿ ಬರುವುದಕ್ಕೆ ಅರ್ಧ ಗಂಟೆ ದಂಡ ಅಲ್ವಾ ಮಾಮ?" ಎಂದು ಕೇಳಿದವನನ್ನು ಅವರು ಮರುಕದಿಂದ ನೋಡುತ್ತಾರೆ.

ಇಷ್ಟೆಲ್ಲ ಹೇಳಿ ಕೊನೆಗೆ ಮಾಮ ಒಂದು ಮಾತು ಸೇರಿಸುತ್ತಾರೆ. "ಪೇಟೆ ದೊಡ್ಡದು ಅಂತ ಹೆದರಬೇಡ. ಒಂದು ಗಾಡಿ ಹಿಡಿ. ದಿನಾ ಅದೇ ಟೈಮು, ಅದೇ ಡಬ್ಬಿ, ಅದೇ ಬಾಗಿಲು. ತಿಂಗಳಾದ ಮೇಲೆ ಯಾರೋ ನಿನ್ನ ಬ್ಯಾಗು ಇಸ್ಕೊಂಡು ಮೇಲಿಡ್ತಾರೆ. ಆಮೇಲೆ ಹೆಸರು ಕೇಳ್ತಾರೆ. ದಸರೆಗೆ ಡಬ್ಬಿಗೆ ಗೊಂಡೆಹೂ ಕಟ್ಟಿ ಪೂಜೆ ಮಾಡುವಾಗ ನಿನ್ನ ಹತ್ರ ವರ್ಗಣಿ ಕೇಳಿದ್ರೋ, ನೀನು ಈ ಊರಿನವ." ಮಾಮನ ಸಲಹೆಗಳಲ್ಲಿ ತೊಂಬತ್ತು ಪಾಲು ಗಾಳಿಗೆ ಬಿಡಬಹುದು, ಇದನ್ನು ಬಿಡಬೇಡಿ. ಗೇಟ್‌ವೇ ನೋಡಿ ಬಂದವನಿಗೆ ಜ್ವರ ಬಂದರೆ ವಿಚಾರಿಸುವವರಿಲ್ಲ. ಆ ಡಬ್ಬಿಯವನು ಎರಡು ದಿನ ಕಾಣದಿದ್ದರೆ ಫೋನು ಬರುತ್ತದೆ.

ಭಾನುವಾರ ಮಾಮ ಯಾರನ್ನೂ ರೈಲು ಹತ್ತಲು ಬಿಡುವುದಿಲ್ಲ, ಹಳಿ ರಿಪೇರಿಯ ಮೆಗಾ ಬ್ಲಾಕು. ಅಂದಿನ ಸುಖವೆಲ್ಲ ಊರೊಳಗೆ. ದೀಪಾವಳಿ ಬೆಳಿಗ್ಗೆಯಾದರೆ ಫಡಕೆ ರಸ್ತೆ: ಹೊಸಬಟ್ಟೆ ಹಾಕಿಕೊಂಡ ಹುಡುಗ ಹುಡುಗಿಯರು ಗಣೇಶ ಮಂದಿರಕ್ಕೆ ಕೈಮುಗಿದು ಒಬ್ಬರನ್ನೊಬ್ಬರು ನೋಡಲು ಸೇರುವ ಜಾಗ. ಲಗ್ನದ ವಯಸ್ಸಿನವರಿಗೆ ಮಾಮ ಇದನ್ನು ಎರಡು ಸಲ ಹೇಳುತ್ತಾರೆ. ಠಾಣೆಯಾದರೆ ಮಾಮ್ಲೇದಾರ್ ಮಿಸಳ್ ತಿಂದು ಕಣ್ಣೀರು ಒರೆಸಿಕೊಳ್ಳುತ್ತ ತಲಾವ್ ಪಾಳಿಯ ಸುತ್ತ ಎರಡು ಸುತ್ತು. ಡೊಂಬಿವಲಿ ಕರ್ನಾಟಕ ಸಂಘದ ಕಾರ್ಯಕ್ರಮಕ್ಕೆ ಮಾಮ ಮುಂದಿನ ಸಾಲಿನಲ್ಲಿ ಕೂತು ಸ್ವಾಗತ ಭಾಷಣಕ್ಕೇ ನಿದ್ದೆ ಹೋಗಿ ವಂದನಾರ್ಪಣೆಗೆ ಸರಿಯಾಗಿ ಎದ್ದು ಚಪ್ಪಾಳೆ ತಟ್ಟುತ್ತಾರೆ. ಲೋಕಲ್‌ನಲ್ಲಿ ಕಲಿತ ವಿದ್ಯೆ. ಇಳಿಯುವ ಸ್ಟೇಶನ್ನು ತಪ್ಪುವುದಿಲ್ಲ. ಚಳಿಗಾಲದಲ್ಲಿ ಐರೋಳಿ, ನೆರೂಳಿನ ಕಡೆ ಖಾರಿಯ ಕೆಸರಿಗೆ ಫ್ಲೆಮಿಂಗೊಗಳು ಬರುತ್ತವೆ. ಮಾಮನಿಗೆ ಅವುಗಳ ಮೇಲೆ ವಿಶೇಷ ಗೌರವ: "ಒಂಟಿ ಕಾಲಲ್ಲಿ ಎಷ್ಟು ಹೊತ್ತಾದ್ರೂ ನಿಲ್ತಾವೆ. ಸೀಟು ಕೇಳೋದಿಲ್ಲ ನೋಡು."

ಡೊಂಬಿವಲಿಯನ್ನು ಹೊರಗಿನವರು ಬೈದರೆ ಮಾತ್ರ ಮಾಮನಿಗೆ ಸಿಟ್ಟು. ಎಂಐಡಿಸಿಯ ಕಾರ್ಖಾನೆಗಳ ದಯೆಯಿಂದ 2014ರಲ್ಲಿ ಇಲ್ಲಿ ಹಸಿರು ಮಳೆ ಬಿತ್ತು, 2020ರಲ್ಲಿ ರಸ್ತೆ ಗುಲಾಬಿಯಾಯಿತು. "ಹೋಳಿಗೆ ಬಣ್ಣದ ಖರ್ಚಿಲ್ಲ" ಎಂದು ತೇಲಿಸುತ್ತಾರೆ. ಅದೇ ಮಾತನ್ನು ಠಾಣೆಯವರು ಆಡಿದರೆ ಜಗಳ.

ಕನ್ನಡಾಭಿಮಾನ ಪರೀಕ್ಷೆಯಾಗುವುದು ವಾಶಿಯ ಎಪಿಎಂಸಿ ಮಾರುಕಟ್ಟೆಯಲ್ಲಿ, ಮಾವಿನ ಕಾಲಕ್ಕೆ. ವ್ಯಾಪಾರಿ "ಹೇ ಕರ್ನಾಟಕಚಾ ಆಂಬಾ" ಎಂದು ಒಂದು ಪೆಟ್ಟಿಗೆಯನ್ನು ತುಸು ತಿರಸ್ಕಾರದಿಂದ ಪಕ್ಕಕ್ಕೆ ತಳ್ಳುತ್ತಾನೆ. ದೇವಗಡ, ರತ್ನಾಗಿರಿಯದಕ್ಕಿಂತ ಅದಕ್ಕೆ ರೇಟು ಕಡಿಮೆ. ಮಾಮನ ರಕ್ತ ಕುದಿಯುತ್ತದೆ. ನಮ್ಮ ಹಣ್ಣು ಯಾರಿಗೆ ಕಡಿಮೆ ಎಂದು ಮರಾಠಿಯಲ್ಲೇ ಜಾಡಿಸಿ, ಆ ಕಡಿಮೆ ರೇಟಿನಲ್ಲಿ ಇನ್ನೂ ನೂರು ರೂಪಾಯಿ ಇಳಿಸಿ, ಪೆಟ್ಟಿಗೆ ಹೊತ್ತು ತಂದು, ಬಂದ ನೆಂಟರಿಗೆ "ದೇವಗಡದ್ದು, ತಿನ್ನಿ" ಎನ್ನುತ್ತಾರೆ. ಮಾಮಿ ಒಳಗೆ ನಗುತ್ತಾರೆ. ಹೆಂಗಸರ ಡಬ್ಬಿಯಲ್ಲಿ ಬಟಾಣಿ ಸುಲಿಯುತ್ತ ಈ ಪಟ್ಟಣವನ್ನು ಮಾಮನಿಗಿಂತ ಹೆಚ್ಚು ತಿಳಿದವರು ಅವರು. ಅವರ ಸಲಹೆ ಯಾರೂ ಕೇಳುವುದಿಲ್ಲ, ಅದು ಬೇರೆ.

ಮಳೆಗಾಲದ ಪಾಠಕ್ಕೆ 2005ರ ಜುಲೈ 26 ಬೇಕೇ ಬೇಕು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದ ಆ ಸಂಜೆ ಮಾಮ ಹಳಿಯ ಮೇಲೆ ನಡೆದು ಮನೆ ಸೇರಿದರು. ಆ ವರ್ಷ ಕೇಳಿದವರಿಗೆ ಅವರು ಮುಲುಂದಿನಿಂದ ನಡೆದಿದ್ದರು. ನಂತರ ಘಾಟ್ಕೋಪರಿನಿಂದ. ಈಗ ದಾದರಿನಿಂದ ನಡೆಯುತ್ತಿದ್ದಾರೆ. ಆಯುಸ್ಸು ಗಟ್ಟಿಯಿದ್ದರೆ ಚರ್ಚ್‌ಗೇಟಿನಿಂದ ಹೊರಟಾರು. ಬ್ಯಾಗಿನಲ್ಲಿ ಯಾವಾಗಲೂ ಒಂದು ಬಿಸ್ಕತ್ತು ಪ್ಯಾಕೆಟ್ ಇರಲಿ ಎಂಬುದು ಆ ಕತೆಯ ತಾತ್ಪರ್ಯ.

ಇಂಥ ಮಾಮನನ್ನು ಮಗ ಈಚೆಗೆ ಖಾರ್‌ಘರಿಗೆ ಕರೆದೊಯ್ದಿದ್ದಾನೆ. 1970ರಲ್ಲಿ ಹುಟ್ಟಿದ ಸಿಡ್ಕೊ ಮೊದಲು ಕಾಗದದ ಮೇಲೆ ಗೆರೆ ಎಳೆದು ಆಮೇಲೆ ಕಟ್ಟಿದ ನವಿ ಮುಂಬಯಿ ಮಾಮನಿಗೆ ಹಿಡಿಸಲಿಲ್ಲ. ರಸ್ತೆ ಅಗಲ, ಪಕ್ಕದಲ್ಲಿ ಗುಡ್ಡ, ಗಾಳಿ ಧಾರಾಳ, ತಳ್ಳುವವರೇ ಇಲ್ಲ. ಹೆಸರಿನ ಜಾಗದಲ್ಲಿ ಸೆಕ್ಟರ್ ನಂಬರು. ಒಂದು ವಾರ ಬಾಲ್ಕನಿಯಲ್ಲಿ ಸಪ್ಪೆಮೋರೆ ಹಾಕಿಕೊಂಡು ಕೂತರು.

ಎಂಟನೆಯ ಬೆಳಿಗ್ಗೆ ಅವರ ಕಣ್ಣಿಗೆ ಲಿಫ್ಟು ಬಿತ್ತು. ಮಗನ ಮನೆ 12ನೇ ಮಹಡಿ. ಆಫೀಸಿನ ಹೊತ್ತಿಗೆ ಮೇಲಿನಿಂದ ಬರುವ ಲಿಫ್ಟು ತುಂಬಿ, ಬಾಗಿಲು ತೆರೆದು ಮುಖ ತೋರಿಸಿ ಹೋಗುತ್ತದೆ. ಟೈ ಕಟ್ಟಿಕೊಂಡ ಹುಡುಗರು ವಾಚು ನೋಡುತ್ತ ನಿಂತಿರುತ್ತಾರೆ. ಮಾಮನ ಬೆನ್ನು ನೆಟ್ಟಗಾಯಿತು. "ಕೆಳಗೆ ಹೋಗೋದು ಯಾಕೆ ಕಾಯ್ತೀರಿ? ಮೇಲೆ ಹೋಗೋದು ಹತ್ತಿ. ರಿಟರ್ನ್ ಹೊಡೀರಿ!" ಎಂದು ನಾಲ್ವರನ್ನು ಒಳಗೆ ನೂಕಿ, ತಾವೂ ಹತ್ತಿ, ಕನ್ನಡಿಯ ಬದಿಯ ಮೂಲೆ ಹಿಡಿದು, ಅಭ್ಯಾಸಬಲದಿಂದ ಪಕ್ಕದವನನ್ನು "ಕಿಧರ್ ಉತರೇಗಾ?" ಎಂದು ಕೇಳಿಯೂ ಬಿಟ್ಟರು.

ಈಗ ದಿನಾ ಬೆಳಿಗ್ಗೆ 12ನೇ ಮಹಡಿಯವರು ಮಾಮನ ಮುಂದಾಳತ್ವದಲ್ಲಿ 22ನೆಯದಕ್ಕೆ ಹೋಗಿ ಕೆಳಗಿಳಿಯುತ್ತಾರೆ. ಲಿಫ್ಟು ಬರುವಾಗಲೇ ತುಂಬಿರುತ್ತದೆಂದು 22ನೇ ಮಹಡಿಯವರು ಸೊಸೈಟಿಗೆ ದೂರು ಬರೆದಿದ್ದಾರೆ. ಸೊಸೈಟಿಯ ಸೆಕ್ರೆಟರಿ ಮಾಮನ ಮಗನೇ.