ಎಮ್ಮೆ ತೇಗಿನ ಲೆಕ್ಕ

(ಮಾಯಕೊಂಡದ ಚಹಾ ಅಂಗಡಿ. ಅಕ್ಕಪಕ್ಕದ ಯಾವುದೋ ಪಂಚಾಯ್ತಿಯ ಬಿಲ್ ಕಲೆಕ್ಟರ್ ಫಾರಂ ಹರವಿಕೊಂಡಿದ್ದಾನೆ. ಊರಿನ ಹೆಸರು ಬೇಡ, ಬೀಗರಿದ್ದಾರೆ. ಎದುರಿಗೆ ಮೆಕ್ಕೆಜೋಳದ ರೈತ ಬಸಣ್ಣಜ್ಜ.)

ಅಜ್ಜ: ಏನಪ್ಪಾ ಅದು, ಬೆಳೆ ಪರಿಹಾರದ್ದಾ?

ಕಲೆಕ್ಟರ್: ಅಲ್ಲಜ್ಜ, ಹಸಿರುಮನೆ ಅನಿಲದ್ದು. ನಿಮ್ಮ ಎಮ್ಮೆ ದಿನಕ್ಕೆಷ್ಟು ಸಲ ತೇಗ್ತದೆ?

ಅಜ್ಜ: ಅದಕ್ಕೂ ಕಂದಾಯನಾ?

ಕಲೆಕ್ಟರ್: ಮೆಲುಕು ಹಾಕಿದ್ರೆ ಮೀಥೇನ್ ಬರ್ತದಂತೆ. ನೂರು ವರ್ಷದ ಲೆಕ್ಕದಾಗೆ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಕಾವು ಹಿಡಿತದೆ.

ಅಜ್ಜ: ಮತ್ತೆ ಹಳ್ಳದ ದಂಡ್ಯಾಗೆ ನೀವು ಸುಡೋ ಪ್ಲಾಸ್ಟಿಕ್ಕು?

ಕಲೆಕ್ಟರ್: ಆ ಕಾಲಂಗೆ ‘ಇಲ್ಲ’ ಅಂತ ಬರ್ದೀನಿ.

ಅಜ್ಜ: ಹೊಗೆ ನಮ್ಮೂರಿಗೇ ಬರ್ತೈತಲ್ಲೋ!

ಕಲೆಕ್ಟರ್: ಫಾರಂ ಒಳಗೆ ಬರಲ್ಲ. ಹವಾಮಾನ ಕ್ರಮ: ಗಿಡ ಐನೂರು. ಗುಂಡಿ ಹೋದ ವರ್ಷದ್ದೇ.

ಅಜ್ಜ: ಹೋದ ವರ್ಷದ ಗಿಡ?

ಕಲೆಕ್ಟರ್: ಬದುಕಿದ್ದು ಬರಿಯಾಕೆ ಕಾಲಂ ಇಲ್ಲ.

ಅಜ್ಜ: ದಾವಣಗೆರೆ 2016ರಾಗೇ ಸ್ಮಾರ್ಟ್ ಸಿಟಿ ಪಟ್ಟಿ ಸೇರ್ತು. ಬೆಂಗಳೂರು 2023ರಾಗೆ ಹವಾಮಾನ ಕ್ರಿಯಾ ಯೋಜನೆ ತಂತು. ನಿಮಗೇನು ಬಂತು?

ಕಲೆಕ್ಟರ್: ಜೆರಾಕ್ಸು.

ಅಜ್ಜ: ಬೋರಿಂದು, ಬೀದಿದೀಪದ್ದು ಬೆಸ್ಕಾಂ ಬಿಲ್ ಐತಲ್ಲ? ಯೂನಿಟ್‌ಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡು ಅಂತ ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕವೇ ಐತಂತೆ, ಮೊಮ್ಮಗ ಹೇಳ್ದ. ಗುಣಿಸಿದ್ರಾತು.

ಕಲೆಕ್ಟರ್: ಬಿಲ್ ತೆಗೆದ್ರೆ ಬಾಕಿನೂ ಕಾಣ್ತದಲ್ಲಜ್ಜ! ತೇಗಿಂದೇ ಹೇಳ್ರಿ.

(ಪಂಚಾಯ್ತಿ ಹಸಿರುಮನೆ ಅನಿಲದ ಲೆಕ್ಕ ಕೊಡಲೇಬೇಕೆಂಬ ಕಾನೂನು ನಮ್ಮಲ್ಲಿಲ್ಲ. ಕರೆಂಟ್ ಬಿಲ್ ಮಾತ್ರ ತಿಂಗಳು ತಿಂಗಳೂ ಬರುತ್ತದೆ. ಓದುಗರೇ, ಮುಂದಿನ ಗ್ರಾಮಸಭೆಯಲ್ಲಿ ಅದನ್ನೇ ಓದಿಸಿ.)